ಕಣ್ಣಿಗೆ ಬಿದ್ದದ್ದು ಕೊನೆಗೆ

ನಮ್ಮ ಅಕ್ಕನ ಪ್ರಕಾರ ನಾನು ಅರ್ಧ ಡಾಕ್ಟರ್. ಪೂರ್ತಿ ಡಾಕ್ಟರ್ ಎಂದರೆ ಅವಳು. ಗ್ಲೌಸ್ ತೊಟ್ಟು, ಹೊಟ್ಟೆ ತೆರೆದು, ಕೆಟ್ಟದ್ದನ್ನು ತೆಗೆದು, ಹೊಲಿಗೆ ಹಾಕಿ, ಹೊರಗೆ ಬಂದು ರೋಗಿಯ ಮನೆಯವರಿಗೆ "ಎಲ್ಲ ಸರಿಹೋಯ್ತು, ಇನ್ನು ಅಳೋದು ನಿಲ್ಸಿ" ಎನ್ನುವವಳು. ನಾನು ಅವಳಿರುವ ಮೆಡಿಕಲ್ ಕಾಲೇಜು ಆಸ್ಪತ್ರೆಯದೇ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಕತ್ತಲೆ ಕೋಣೆಯಲ್ಲಿ ಕೂತು, ಎಕ್ಸ್‌ರೇ, ಸ್ಕ್ಯಾನ್ ನೋಡಿ ಒಳಗೆ ಏನಿದೆ ಎಂದು ಹೇಳುವವನು. ಬಾಗಿಲ ಮೇಲೆ 'ರೇಡಿಯಾಲಜಿ ವಿಭಾಗದ ಮುಖ್ಯಸ್ಥರು' ಎಂದು ಬರೆದಿದೆ. ಅಕ್ಕ ಮಾತ್ರ ನೆಂಟರಿಷ್ಟರ ಮುಂದೆ ನನ್ನನ್ನು ಪರಿಚಯಿಸುವುದು "ಇವನು ನನ್ನ ತಮ್ಮ, ಫೋಟೋ ಡಾಕ್ಟರ್" ಎಂದು. ಅವಳು ನಗುತ್ತಾಳೆ, ಕೇಳಿದವರೂ ನಗುತ್ತಾರೆ, ನಾನೂ ಹಲ್ಲು ಕಿರಿಯುತ್ತೇನೆ. ಒಳಗೆ ಮೈಯೆಲ್ಲ ಉರಿಯುತ್ತಿರುತ್ತದೆ.

ಹಾಗೆಂದು ನಾನೇನೂ ಬಡಪಾಯಿಯಲ್ಲ. ಜಂಬದಲ್ಲಿ ನಾನು ಅಕ್ಕನಿಗೆ ತಕ್ಕ ತಮ್ಮನೇ. ಅವಳು ಹೊಟ್ಟೆ ತೆರೆದ ಮೇಲೆ ಕಾಣುವುದನ್ನು ನಾನು ತೆರೆಯುವ ಮೊದಲೇ ಕಾಣುತ್ತೇನೆ. ಈ ಮಾತನ್ನು ಒಮ್ಮೆ ಊಟದ ಹೊತ್ತಿನಲ್ಲಿ ಅವಳ ಮುಂದೆಯೇ ಹೇಳಿದ್ದೆ. ಅವಳು ನನ್ನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು, ಊಟ ಮುಗಿದಿರಲಿಲ್ಲ.

ನಾನು ಈ ವಿದ್ಯೆ ಕಲಿಯಲು ಸೇರಿದ ಕಾಲದಲ್ಲಿ ರೇಡಿಯಾಲಜಿ ಯಾರಿಗೂ ಬೇಡದ ಕೂಸು. ರಕ್ತ ಕಂಡರೆ ತಲೆ ಸುತ್ತುವವರು, ರೋಗಿಗಳ ಜೊತೆ ಮಾತಾಡಲು ನಾಚುವವರು, ಬೇರೆಲ್ಲೂ ಸೀಟು ಸಿಗದವರು ಬಂದು ಸೇರುತ್ತಿದ್ದರು. ಆಮೇಲೆ ಗಾಳಿ ತಿರುಗಿತು. ದೊಡ್ಡ ದೊಡ್ಡ ಸ್ಕ್ಯಾನ್ ಯಂತ್ರಗಳು ಬಂದವು. ನಮ್ಮನ್ನು ಕೇಳದೆ ಯಾವ ಡಾಕ್ಟರೂ ಒಂದು ಹೆಜ್ಜೆ ಇಡದ ಹಾಗಾಯಿತು. ತರಗತಿಗೆ ಮೊದಲು ಬಂದವರೆಲ್ಲ ನಮ್ಮ ಬಾಗಿಲಲ್ಲಿ ಸಾಲುಗಟ್ಟಿದರು. ನಾನು ಕಾರಿಡಾರಿನಲ್ಲಿ ನಡೆದರೆ ವಿದ್ಯಾರ್ಥಿಗಳು ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅದು ನನಗೆ ತುಂಬ ಹಿಡಿಸಿತ್ತು. ಕೆಲಸವಿಲ್ಲದಿದ್ದರೂ ಎರಡು ಸಲ ನಡೆದು ಬರುತ್ತಿದ್ದೆ.

ಗಾಳಿ ಮತ್ತೆ ತಿರುಗಿತು. ಚಿತ್ರವನ್ನು ತಾನೇ ಓದುವ ಯಂತ್ರ ಬಂತು. ಅನುಮಾನ ಬಂದ ಜಾಗದ ಸುತ್ತ ಕೆಂಪು ಚೌಕ ಹಾಕಿ ತೋರಿಸುತ್ತದೆ. ಹುಡುಗರು ಒಬ್ಬರ ಕಿವಿ ಒಬ್ಬರು ಕಚ್ಚಿದರು. "ಸರ್, ಬೇಜಾರ್ ಮಾಡ್ಕೋಬೇಡಿ, ನಾವು ಕಲಿತು ಮುಗಿಸೋ ಹೊತ್ತಿಗೆ ಈ ಕೆಲಸಾನೇ ಇರಲ್ವಂತೆ" ಎಂದು ನನಗೇ ಬಂದು ಹೇಳಿದರು. ಕಾರಿಡಾರಿನಲ್ಲಿ ಈಗ ಅವರು ನನ್ನನ್ನು ನೋಡುವ ನೋಟದಲ್ಲಿ ಕನಿಕರವಿತ್ತು. ನಾನು ನಡೆಯುವುದನ್ನು ಕಡಿಮೆ ಮಾಡಿದೆ.

ಕಳೆದ ವರ್ಷ ನಮ್ಮ ವಿಭಾಗಕ್ಕಿದ್ದ ಎರಡು ಸ್ನಾತಕೋತ್ತರ ಸೀಟುಗಳೂ ಖಾಲಿ ಉಳಿದವು. ಈ ವರ್ಷ ಪ್ರಿನ್ಸಿಪಾಲರು ನನ್ನನ್ನು ಕೋಣೆಗೆ ಕರೆಸಿ, ಕೂರಿಸಿ, ನೀರು ಕೊಟ್ಟರು. ನೀರು ಕೊಟ್ಟಾಗಲೇ ವಿಷಯ ನೆಟ್ಟಗಿಲ್ಲ ಎಂದು ಗೊತ್ತಾಯಿತು.

"ಈ ಸಲವೂ ಯಾರೂ ತಗೊಳ್ಳದಿದ್ರೆ ಸೀಟುಗಳನ್ನ ಬೇರೆ ವಿಭಾಗಕ್ಕೆ ಕೊಡ್ಬೇಕಾಗುತ್ತೆ ಡಾಕ್ಟ್ರೇ. ನೀವು ಕೆಲಸ ಮಾಡ್ಕೊಂಡು ಹೋಗಿ, ಕಲಿಸೋದು ನಿಲ್ಲುತ್ತೆ, ಅಷ್ಟೇ."

ಅಷ್ಟೇ ಅಂತೆ! ನನ್ನ ಗುರುಗಳಾದ ದೊಡ್ಡ ಮೇಡಮ್ ಆ ಕತ್ತಲೆ ಕೋಣೆಯಲ್ಲಿ ನನಗೆ ನೋಡುವುದನ್ನು ಕಲಿಸಿದ್ದರು. ನನ್ನ ನಂತರ ಅಲ್ಲಿ ಯಾರೂ ಯಾರಿಗೂ ಏನೂ ಕಲಿಸುವುದಿಲ್ಲ ಎಂದರೆ, ಅದು 'ಅಷ್ಟೇ' ಎಂದು ಹೇಳಿ ಮುಗಿಸುವ ಮಾತಾಗಿರಲಿಲ್ಲ ನನಗೆ.

ದೊಡ್ಡ ಮೇಡಮ್ ಹಾಕಿಕೊಟ್ಟ ಪದ್ಧತಿಯೊಂದನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಸುಬಿನವರು ಮಾಡುವ ಒಂದು ತಪ್ಪಿದೆ. ಚಿತ್ರದಲ್ಲಿ ಏನೋ ಒಂದು ಎದ್ದು ಕಾಣುತ್ತದೆ. ಸಿಕ್ಕಿತು ಎಂದು ಮನಸ್ಸಿಗೆ ಸಮಾಧಾನವಾಗುತ್ತದೆ. ಅಲ್ಲಿಗೆ ಕಣ್ಣು ಹುಡುಕುವುದನ್ನು ಬಿಟ್ಟುಬಿಡುತ್ತದೆ. ಪಕ್ಕದಲ್ಲೇ ಇನ್ನೊಂದು ಕೂತಿದ್ದರೂ ಕಾಣುವುದಿಲ್ಲ. ದಡ್ಡರಿಗಲ್ಲ, ಚುರುಕು ಕಣ್ಣಿನವರಿಗೇ ಹೀಗಾಗುವುದು ಹೆಚ್ಚು. ಅದಕ್ಕೇ ಮೇಡಮ್ ನಿಯಮ ಮಾಡಿದ್ದರು: ಚಿತ್ರದ ಮುಂದೆ ನಿಂತವರು ಅಂಚಿನಿಂದ ಶುರುಮಾಡಿ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಬರಬೇಕು. ಚರ್ಮ, ಮೂಳೆ, ಮೂಲೆಗಳು, ಆಮೇಲೆ ಒಳಗಿನದು. ಮೊದಲು ಕಣ್ಣಿಗೆ ಬಿದ್ದದ್ದನ್ನು ಎಲ್ಲಕ್ಕಿಂತ ಕೊನೆಗೆ ಹೇಳಬೇಕು. ಬಾಯಿ ತಡೆಯದೆ ಅದನ್ನೇ ಮೊದಲು ಹೇಳಿದವರು ಮೇಲಿನ ಕ್ಯಾಂಟೀನಿಗೆ ಹೋಗಿ ಕೋಣೆಯಲ್ಲಿದ್ದವರಿಗೆಲ್ಲ ಕಾಫಿ ತರಬೇಕು. ಇದರಲ್ಲಿ ಚಿಕ್ಕವರು ದೊಡ್ಡವರು ಎಂದಿಲ್ಲ. ಒಮ್ಮೆ ಪ್ರಿನ್ಸಿಪಾಲರೂ ತಂದಿದ್ದಾರೆ. ಅಕ್ಕ ಮಾತ್ರ "ನಿಮ್ಮ ಮಕ್ಕಳಾಟಕ್ಕೆ ನನ್ನನ್ನ ಎಳೀಬೇಡಿ" ಎಂದು ಮೂಗು ಮುರಿಯುತ್ತಿದ್ದಳು.

ಅಕ್ಕನ ಮಗಳು ಆಗ ವೈದ್ಯಕೀಯದ ಕೊನೆಯ ವರ್ಷ ಮುಗಿಸಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಮೊಂಡಿ ಎಂದೇ ಕರೆಯುವುದು. ಹಿಡಿದದ್ದನ್ನು ಬಿಡುವವಳಲ್ಲ. ಇಡೀ ಕಾಲೇಜಿಗೆ ಮೊದಲು ಬಂದಿದ್ದಳು. ಅವಳು ಸರ್ಜನ್ ಆಗುತ್ತಾಳೆ, ಅಕ್ಕನ ಆಪರೇಷನ್ ಥಿಯೇಟರಿಗೆ ವಾರಸುದಾರಳಾಗುತ್ತಾಳೆ ಎನ್ನುವುದು ನಮ್ಮ ಮನೆಯಲ್ಲಿ ಅವಳು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾಗಿತ್ತು. ಅದಕ್ಕೇ ಆ ಭಾನುವಾರ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಮೊಂಡಿ ಹೇಳಿದ ಮಾತು ಕೇಳಿ ನಾನು ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೇ ಇಳಿಸಿದೆ.

"ಅಮ್ಮ, ನಾನು ರೇಡಿಯಾಲಜಿ ತಗೋತೀನಿ."

ಅಕ್ಕ ನೇರ ನನ್ನ ಕಡೆ ತಿರುಗಿದಳು. "ಲೋ, ಇದು ನಿನ್ನ ಕಿತಾಪತಿ ತಾನೇ?"

"ಅಕ್ಕ, ನಿನ್ನಾಣೆ, ನಾನು ಬಾಯೇ ಬಿಟ್ಟಿಲ್ಲ." ಅದು ನಿಜವೇ. ಬಿಡಬೇಕೆಂಬ ಆಸೆ ಬೆಟ್ಟದಷ್ಟಿತ್ತು, ಅಕ್ಕನ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು.

"ಮಾವ ಏನೂ ಹೇಳಿಲ್ಲ. ನಾನೇ ಯೋಚನೆ ಮಾಡಿದ್ದು" ಎಂದಳು ಮೊಂಡಿ.

"ಏನು ಯೋಚನೆ ಮಾಡ್ದೆ? ಹೇಳು, ಕೇಳೋಣ. ನಿನ್ನ ಕೈ ನೋಡ್ಕೋ ಒಂದ್ಸಲ. ನೀನು ಹಾಕಿದ ಹೊಲಿಗೆ ಒಣಗಿದ ಮೇಲೆ ಎಲ್ಲಿತ್ತು ಅಂತ ಹುಡುಕ್ಬೇಕು. ಇಂಥ ಕೈ ಇಟ್ಕೊಂಡು ಕತ್ತಲಲ್ಲಿ ಕೂತು ಮೌಸ್ ಒತ್ತುತ್ತೀಯಾ? ನಿಮ್ಮ ಕ್ಲಾಸಲ್ಲಿ ಒಬ್ರಾದ್ರೂ ತಗೋತಿದಾರಾ ಅದನ್ನ? ನಾಳೆ ಆ ಯಂತ್ರ ಬಂದು ಏಳು ಮೇಲೆ ಅಂದ್ರೆ ಎಲ್ಲಿಗೆ ಹೋಗ್ತೀಯ?"

"ನೀನು ಕತ್ತರಿ ಹಿಡಿಯೋಕೆ ಮುಂಚೆ ಯಾರೋ ಒಬ್ರು ಸರಿಯಾಗಿ ನೋಡಿರ್ಬೇಕಲ್ವಾ ಅಮ್ಮ. ಆ ಒಬ್ರು ನಾನಾಗ್ಬೇಕು."

"ನನಗೂ ಕಣ್ಣಿದೆ ಕಣೇ!"

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರು ಅಕ್ಕನ ಜೊತೆ ಇಷ್ಟು ವರ್ಷ ನೆಮ್ಮದಿಯಾಗಿ ಬಾಳಿರುವುದೇ ಆ ಜಾಣತನದಿಂದ. ಅಕ್ಕ ಕೈ ತೊಳೆಯಲು ಎದ್ದವಳು ತೀರ್ಪು ಕೊಟ್ಟೇ ಹೋದಳು. "ಶುಕ್ರವಾರ ಸೀಟು ಆಯ್ಕೆ. ಸರ್ಜರಿ ಅಂತ ಹೇಳಿ ಮನೆಗೆ ಬಾ. ಬೇರೆ ಏನಾದ್ರೂ ಹೇಳಿದ್ರೆ ನಿಮ್ಮ ಮಾವನ ಮನೆಗೇ ಹೋಗು, ಅಲ್ಲೇ ಇರು."

ನಾನು ಹೊರಟಾಗ ಮೊಂಡಿ ಗೇಟಿನವರೆಗೂ ಬಂದಳು. ಅವಳ ಕಣ್ಣು ತುಂಬಿತ್ತು. ಅದನ್ನು ನಾನು ಚಿಕ್ಕಂದಿನಿಂದ ನೋಡಿರಲಿಲ್ಲ.

"ಮಾವ, ಅಮ್ಮನ ಮನಸ್ಸು ಮುರಿದು ನಾನು ಏನನ್ನೂ ತಗೊಳ್ಳಲ್ಲ. ಅವಳು ಒಪ್ಪದಿದ್ರೆ ಸರ್ಜರಿ ಅಂತಾನೇ ಹೇಳ್ತೀನಿ."

"ನಾನು ಒಂದು ಮಾತು ಹೇಳಿ ನೋಡ್ಲಾ?"

"ಬೇಡಪ್ಪಾ ಮಾವ! ನೀನು ಬಾಯಿ ಹಾಕಿದ್ರೆ ಇರೋದೂ ಕೆಡುತ್ತೆ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ದಾರಿಯುದ್ದಕ್ಕೂ ನನಗೆ ತಳಮಳ. ಆ ವರ್ಷ ನಮ್ಮ ಕೋಣೆಯ ಕಡೆ ಮುಖ ಮಾಡಿದ್ದ ವಿದ್ಯಾರ್ಥಿ ಅವಳೊಬ್ಬಳೇ. ಅವಳ ಬಾಯಿಂದ ಶುಕ್ರವಾರ ಸರ್ಜರಿ ಎಂದು ಬಂದರೆ, ಅವಳ ಆಸೆಯೂ ಮುಗಿಯಿತು, ದೊಡ್ಡ ಮೇಡಮ್‌ರ ಪಾಠವೂ ಮುಗಿಯಿತು.

ಶುಕ್ರವಾರ ಬೆಳಗ್ಗೆ ನಮ್ಮಲ್ಲಿ ವಾರದ ಸಭೆ. ಸರ್ಜನ್‌ಗಳು ತಾವು ಆಪರೇಷನ್ ಮಾಡಲಿರುವವರ ಸ್ಕ್ಯಾನ್ ತಂದು ನಮ್ಮ ಕೋಣೆಯಲ್ಲಿ ತೋರಿಸುತ್ತಾರೆ. ಗೋಡೆಯುದ್ದಕ್ಕೂ ಪರದೆಗಳ ಬೆಳಕು, ಏಸಿಯ ಚಳಿ, ಹಿಂದೆ ಗೋಡೆಗೆ ಒರಗಿ ನಿಂತ ವಿದ್ಯಾರ್ಥಿಗಳು. ಅವರೆಲ್ಲ ಬಂದದ್ದು ಹಾಜರಿಗಾಗಿ. ಮನಸ್ಸು ಮಧ್ಯಾಹ್ನದ ಸೀಟು ಆಯ್ಕೆಯ ಮೇಲಿತ್ತು. ಮೊಂಡಿ ಮುಂದಿನ ಸಾಲಿನಲ್ಲಿದ್ದಳು. ಆಸ್ಪತ್ರೆಯೊಳಗೆ ಅವಳಿಗೆ ನಾನು ಸರ್, ಅವಳಮ್ಮ ಮೇಡಮ್. ಅದು ನಮ್ಮ ಮೂವರ ನಡುವಿನ ಒಪ್ಪಂದ.

ಅಕ್ಕ ತಂದದ್ದು ಒಬ್ಬ ಆಟದ ಮೇಷ್ಟರ ಸ್ಕ್ಯಾನ್. ಹೊಟ್ಟೆನೋವೆಂದು ಹೊರಗಿನ ಒಂದು ಕೇಂದ್ರದಲ್ಲಿ ತೆಗೆಸಿಕೊಂಡು ಬಂದಿದ್ದರು. ಪರದೆಯ ಮೇಲೆ ಚಿತ್ರ ಮೂಡಿತು. ಪಿತ್ತಕೋಶದಲ್ಲಿ ಬೆಳ್ಳಗೆ, ದುಂಡಗೆ, ಕೂಗಿ ಕರೆಯುವಂಥ ಕಲ್ಲು. ಅದರ ಸುತ್ತ ಯಂತ್ರ ಹಾಕಿದ್ದ ಕೆಂಪು ಚೌಕ.

"ಪಿತ್ತಕೋಶದಲ್ಲಿ ಕಲ್ಲು. ನಾಳೆ ತೆಗೀತೀನಿ. ಮುಂದಿನದು ಹಾಕಿ" ಎಂದಳು ಅಕ್ಕ.

ಹಿಂದೆ ಯಾರೋ ಕಿಸಕ್ಕೆಂದರು. ಕೋಣೆಯ ನಿಯಮ ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮುಂದೆ ಅದನ್ನು ಎತ್ತುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

"ನಮ್ಮಲ್ಲಿ ವಿದ್ಯಾರ್ಥಿಗಳು ಓದಿದ ಮೇಲೇ ಮುಂದಿನದು ಮೇಡಮ್" ಎಂದಷ್ಟೇ ಹೇಳಿದೆ. "ಯಾರು ಓದ್ತೀರಾ?"

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಮೊಂಡಿ ಎದ್ದು ಬಂದು ಪರದೆಯ ಮುಂದೆ ಕೂತಳು. ಮೌಸ್ ಹಿಡಿದು, ಹೊಟ್ಟೆಯ ತೀರ ಮೇಲಿನ ಚಿತ್ರದಿಂದ ಶುರುಮಾಡಿದಳು.

"ಶ್ವಾಸಕೋಶದ ತಳ ಚೆನ್ನಾಗಿದೆ. ಹೃದಯದ ಸುತ್ತ ನೀರಿಲ್ಲ. ಪಕ್ಕೆಲುಬು, ಬೆನ್ನುಮೂಳೆ ಸರಿಯಾಗಿವೆ."

"ಹೊಟ್ಟೆನೋವು ಅಂತ ಬಂದವರಿಗೆ ಬೆನ್ನುಮೂಳೆ ಯಾಕೆ? ಕಲ್ಲು ಕಾಣಿಸ್ತಿಲ್ವಾ ನಿನಗೆ?" ಅಕ್ಕನಿಗೆ ಪಿತ್ತ ನೆತ್ತಿಗೇರುತ್ತಿತ್ತು.

"ಕಾಣಿಸ್ತಿದೆ ಮೇಡಮ್. ಕೊನೆಗೆ ಹೇಳ್ತೀನಿ."

ಆ 'ಕೊನೆಗೆ ಹೇಳ್ತೀನಿ'ಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ದೊಡ್ಡ ಮೇಡಮ್ ಹೀಗೆಯೇ ಮಾತಾಡುತ್ತಿದ್ದರು. ನನ್ನ ಎದೆ ಅಲ್ಲೇ ಅರ್ಧ ಉಬ್ಬಿತು. ಮೊಂಡಿ ಒಂದೊಂದೇ ಚಿತ್ರ ಸರಿಸುತ್ತ ಕೆಳಗಿಳಿದಳು. ಗುಲ್ಮ, ಮೇದೋಜೀರಕ, ಬಲ ಮೂತ್ರಪಿಂಡ. ಎಡ ಮೂತ್ರಪಿಂಡದ ಹತ್ತಿರ ಬಂದಳು, ದಾಟಿದಳು, ನಿಂತಳು, ಹಿಂದಕ್ಕೆ ಬಂದಳು. ಮತ್ತೆ ಮುಂದೆ ಹೋದಳು, ಮತ್ತೆ ಹಿಂದೆ. ಕೋಣೆಯಲ್ಲಿ ಮೌಸಿನ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಆ ಹೊತ್ತಿಗೆ ಒಂದು ಕಣ್ಣನ್ನು ಕಲ್ಲಿನ ಮೇಲೂ ಇನ್ನೊಂದನ್ನು ಅಕ್ಕನ ಮುಖದ ಮೇಲೂ ಇಟ್ಟು ಕೂತಿದ್ದೆ. ಮೊಂಡಿ ಯಾವ ಚಿತ್ರದ ಮೇಲೆ ನಿಂತಿದ್ದಾಳೆ ಎಂದು ನಾನು ನೋಡಿಯೇ ಇರಲಿಲ್ಲ.

"ಅಮ್ಮಾ" ಎಂದಳು ಮೊಂಡಿ. ಮೇಡಮ್ ಎನ್ನುವುದು ಮರೆತೇ ಹೋಗಿತ್ತು. "ಅಮ್ಮಾ, ಇಲ್ಲಿ ನೋಡು."

ಎಡ ಮೂತ್ರಪಿಂಡದ ಕೆಳತುದಿಯಲ್ಲಿ, ಕರುಳಿನ ಮಡಿಕೆಯ ಮರೆಯಲ್ಲಿ, ಕಡಲೆಬೀಜದಷ್ಟು ಒಂದು ಗಡ್ಡೆ. ಅಕ್ಕಪಕ್ಕದ ಬಣ್ಣಕ್ಕೂ ಅದರ ಬಣ್ಣಕ್ಕೂ ಎಳ್ಳಷ್ಟೇ ವ್ಯತ್ಯಾಸ. ತೋರಿಸಿದ ಮೇಲೆ ಕಾಣದೆ ಇರುವುದು ಸಾಧ್ಯವಿಲ್ಲ, ತೋರಿಸುವ ಮೊದಲು ಕಾಣುವುದು ಸುಲಭವಲ್ಲ. ಅದು ಎಂಥದ್ದೆಂದು ನನಗೆ ಗೊತ್ತು. ಈಗ ತೆಗೆದರೆ ಮನುಷ್ಯ ಮತ್ತೆ ಮೈದಾನದಲ್ಲಿ ಸೀಟಿ ಊದುತ್ತಾನೆ. ಬೆಳೆಯಲು ಬಿಟ್ಟರೆ, ನೋವೆಂದು ಅವನು ಬರುವ ಹೊತ್ತಿಗೆ ನಮ್ಮ ಕೈ ಮೀರಿರುತ್ತದೆ.

ಅಕ್ಕ ಕುರ್ಚಿಯಿಂದ ಎದ್ದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಯಂತ್ರ ಯಾಕೆ ತೋರಿಸ್ಲಿಲ್ಲ ಇದನ್ನ?" ಅವಳ ದನಿ ಇಳಿದಿತ್ತು.

"ಅದಕ್ಕೆ ಕಲ್ಲು ಹುಡುಕು ಅಂತ ಹೇಳಿದ್ರು, ಹುಡುಕ್ತು. ಅದರದ್ದೇನೂ ತಪ್ಪಿಲ್ಲ" ಎಂದಳು ಮೊಂಡಿ. ಆಮೇಲೆ, ಪಾಠ ಒಪ್ಪಿಸುವವಳ ಹಾಗೆ, "ಪಿತ್ತಕೋಶದಲ್ಲಿ ಒಂದು ಕಲ್ಲಿದೆ ಮೇಡಮ್. ಮುಗೀತು" ಎಂದಳು.

ಯಾರೂ ನಗಲಿಲ್ಲ. ಅಕ್ಕ ಮೂತ್ರಪಿಂಡದ ಸರ್ಜನ್‌ಗೆ ಫೋನ್ ಮಾಡುತ್ತ ಹೊರಗೆ ಹೋದಳು. ಮಗಳಿಗೆ ಒಂದು ಮಾತನ್ನೂ ಹೇಳಲಿಲ್ಲ. ಮೊಂಡಿಯ ಮುಖ ಬಾಡಿತು. ಮೇಷ್ಟರ ಜೀವ ಉಳಿಯುವ ಸಂತೋಷದಲ್ಲೂ ನನಗೆ ಒಂದೇ ಯೋಚನೆ: ಎಲ್ಲರೆದುರು ಮಗಳ ಮುಂದೆ ಸೋತ ಅಕ್ಕ ಇನ್ನಷ್ಟು ಬಿಗಿದುಕೊಂಡರೆ ಗತಿಯೇನು? ಅವಳ ಸ್ವಭಾವ ಬಲ್ಲ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸೀಟು ಆಯ್ಕೆ ಕಾಲೇಜಿನ ದೊಡ್ಡ ಹಾಲಿನಲ್ಲಿ. ವಿಭಾಗದ ಮುಖ್ಯಸ್ಥರಿಗೆಲ್ಲ ಮೊದಲ ಸಾಲು, ಅಕ್ಕ ಸರ್ಜರಿಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. ನಾನು ಕೊನೆಯ ಕುರ್ಚಿಯಲ್ಲಿ, ತಪ್ಪಿಸಿಕೊಂಡು ಓಡಲು ಅನುಕೂಲವಾಗುವ ಹಾಗೆ. ಮೊದಲ ಸ್ಥಾನದವಳಾದ್ದರಿಂದ ಮೊಂಡಿಯನ್ನೇ ಮೊದಲು ಕರೆದರು.

"ಹೇಳಮ್ಮ, ಯಾವ ವಿಭಾಗ?" ಪ್ರಿನ್ಸಿಪಾಲರು ಮೈಕು ಅವಳ ಕಡೆ ತಿರುಗಿಸಿದರು.

ಮೊಂಡಿ ಮೈಕಿನ ಮುಂದೆ ನಿಂತು ಅಮ್ಮನ ಮುಖ ನೋಡಿದಳು. ಅಕ್ಕನ ಮುಖ ಕಲ್ಲಿನ ಹಾಗಿತ್ತು. ಇಡೀ ಸಭೆ ಕಾಯುತ್ತಿತ್ತು. ಮೊಂಡಿಯ ತುಟಿ 'ಸ' ಎನ್ನುವಂತೆ ಅಲುಗಿದ್ದನ್ನು ನಾನು ನೋಡಿದೆ. ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಅಕ್ಕ ಗದರಿದಳು. ಅವಳಿಗೆ ಮೈಕು ಬೇಕಿಲ್ಲ.

"ನನ್ನ ಮುಖ ಏನು ನೋಡ್ತೀಯೇ? ಬೆಳಗ್ಗೆ ನಾನು ಅಷ್ಟು ಕೂಗಾಡಿದ್ರೂ ಕಣ್ಣು ಆ ಕಡೆ ಈ ಕಡೆ ಹೋಗ್ಲಿಲ್ಲ ನಿಂದು. ಈಗ ಯಾಕೆ ಹೋಗ್ತಿದೆ? ನಿನಗೆ ಬೇಕಾದ್ದನ್ನ ಹೇಳು!"

ಮೊಂಡಿ ನಕ್ಕಳು, ಅಳುತ್ತಲೇ ನಕ್ಕಳು. "ರೇಡಿಯಾಲಜಿ" ಎಂದಳು. ಮೈಕಿನಲ್ಲಿ ಅದು ಹಾಲಿನ ಮೂಲೆ ಮೂಲೆಗೂ ಕೇಳಿಸಿತು.

ಹಿಂದೆಲ್ಲ ಗುಸುಗುಸು ಎದ್ದಿತು. ಅಕ್ಕನ ಪಕ್ಕದಲ್ಲಿದ್ದ ಕಣ್ಣಿನ ಡಾಕ್ಟರ್ ಬಾಗಿ, "ಪಾಪ, ಮೊದಲ ಸ್ಥಾನ ಬಂದು ಯಾಕೆ ಹೀಗೆ ಮಾಡ್ಕೊಂಡ್ಳು ನಿಮ್ಮ ಹುಡುಗಿ?" ಎಂದರು.

"ಪಾಪ ಯಾಕ್ರೀ? ನಾನು ಕಾಣದ್ದನ್ನ ಕಂಡವಳು ಅವಳು" ಎಂದಳು ಅಕ್ಕ. "ಅವಳು ಓದಿ ಮುಗಿಸಿದ ಮೇಲೆ ಅವಳು ನೋಡದ ಹೊಟ್ಟೆಗೆ ನಾನು ಕೈ ಹಾಕಲ್ಲ. ಬರೆದಿಟ್ಕೊಳ್ಳಿ."

ನನಗೆ ಏನಾಯಿತೆಂದು ಹೇಳಲು ಮಾತು ಸಾಲದು. ಹೆಮ್ಮೆಯೇ. ಶುದ್ಧ ಹೆಮ್ಮೆ. ಮೊಂಡಿಯ ಮೇಲೆ, ಅಕ್ಕನ ಮೇಲೆ, ನಮ್ಮ ಕತ್ತಲೆ ಕೋಣೆಯ ಮೇಲೆ. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಹಿಂಡಿ ಹಿಂಡಿ ಮುದ್ದೆ ಮಾಡಿದ್ದೆ. ಅದಾಗಿ ಸ್ವಲ್ಪ ಹೊತ್ತಿಗೆ, ಬೆಳಗ್ಗೆ ಗೋಡೆಗೆ ಒರಗಿ ನಿಂತಿದ್ದವರಲ್ಲೊಬ್ಬ ಉದ್ದನೆಯ ಹುಡುಗ ಮೈಕಿನ ಮುಂದೆ ಬಂದ. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕಾಫಿ ಹೊತ್ತ ದಾಖಲೆ ಅವನದು. ಅವನೂ "ರೇಡಿಯಾಲಜಿ" ಎಂದಾಗ ನಮ್ಮ ಎರಡನೆಯ ಸೀಟೂ ತುಂಬಿತು. ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ, ಇದೆಲ್ಲ ಮೊದಲೇ ಗೊತ್ತಿತ್ತು ಎನ್ನುವ ಹಾಗೆ.

ಸಭೆ ಮುಗಿಸಿ ನಾನು ಕಾರಿಡಾರಿನಲ್ಲಿ ಎದೆ ಸೆಟೆಸಿ, ಸುತ್ತು ದಾರಿಯಲ್ಲೇ ಕೋಣೆಗೆ ನಡೆದುಬಂದೆ. ಮೊಂಡಿ, ಉದ್ದನೆಯ ಹುಡುಗ ಇಬ್ಬರೂ ಆಗಲೇ ಬಂದು ಪರದೆಯ ಮುಂದೆ ಕೂತಿದ್ದರು. ಬಾಗಿಲನ್ನು ಯಾರೋ ಕಾಲಿನಿಂದ ಒದ್ದ ಸದ್ದಾಯಿತು. ತೆರೆದರೆ ಅಕ್ಕ. ಎರಡು ಕೈಯಲ್ಲೂ ಕ್ಯಾಂಟೀನಿನ ದೊಡ್ಡ ಟ್ರೇ ಹಿಡಿದಿದ್ದಳು, ಕಾಫಿ ಅರ್ಧ ಲೋಟದಲ್ಲಿ, ಅರ್ಧ ಟ್ರೇಯಲ್ಲಿ. ಅಷ್ಟು ಗಟ್ಟಿ ಕೈಯ ಸರ್ಜನ್ ಕಾಫಿ ಹೊರುವುದರಲ್ಲಿ ಸೋತಿದ್ದಳು.

"ಜಾಗ ಬಿಡ್ರೋ" ಎಂದಳು. "ಬೆಳಗ್ಗೆ ಮೊದಲು ಕಲ್ಲು ಅಂದವಳು ನಾನು ತಾನೇ? ನಿಯಮ ಅಂದ್ರೆ ನಿಯಮ."

ಅವಳ ಹಿಂದೆ ಆಸ್ಪತ್ರೆಯ ನಿಲುವಂಗಿ ತೊಟ್ಟ ಗಟ್ಟಿಮುಟ್ಟು ಮನುಷ್ಯರೊಬ್ಬರು ಹಿಂಜರಿಯುತ್ತ ನಿಂತಿದ್ದರು. ಮುಖ ನೋಡಿದರೆ ನನಗೆ ಗುರುತು ಸಿಗಲಿಲ್ಲ. ನಮ್ಮ ಕೋಣೆಗೆ ರೋಗಿಗಳು ಬರುವುದಿಲ್ಲ. ಅವರನ್ನು ನಾವು ಒಳಗಿನಿಂದ ಬಲ್ಲೆವೇ ಹೊರತು ಮುಖದಿಂದಲ್ಲ.

"ಆಟದ ಮೇಷ್ಟ್ರು" ಎಂದಳು ಅಕ್ಕ. "ತನ್ನ ಹೊಟ್ಟೆಯೊಳಗೆ ಇದ್ದದ್ದನ್ನ ಕಂಡವರು ಯಾರು ಅಂತ ನೋಡ್ಬೇಕಂತೆ. ಬನ್ನಿ ಮೇಷ್ಟ್ರೇ, ಹೆದರ್ಕೋಬೇಡಿ, ಇವರೂ ಡಾಕ್ಟ್ರುಗಳೇ." ಟ್ರೇ ಇಳಿಸಿ, ಮೊದಲ ಲೋಟವನ್ನು ಮಗಳ ಮುಂದೆ ಇಟ್ಟಳು. "ಇವಳು ನನ್ನ ಮಗಳು. ಕಂಡವಳು ಇವಳೇ."

ಮೇಷ್ಟರು ಎರಡೂ ಕೈ ಜೋಡಿಸಿದರು. ಮೊಂಡಿ ಗಡಬಡಿಸಿ ಎದ್ದು ಅವರಿಗೆ ತನ್ನ ಕುರ್ಚಿ ಕೊಟ್ಟಳು.

ಅಕ್ಕ ಎರಡನೆಯ ಲೋಟ ಎತ್ತಿ ನನ್ನ ಕಡೆ ತಿರುಗಿದಳು.

"ಇವನು ನನ್ನ ತಮ್ಮ" ಎಂದಳು.

ನಾನು ಅಭ್ಯಾಸಬಲದಿಂದ ಹಲ್ಲು ಕಿರಿಯಲು ಸಿದ್ಧನಾದೆ.

"ಅವಳಿಗೆ ನೋಡೋದು ಕಲಿಸಿದ ಡಾಕ್ಟ್ರು."

ಲೋಟ ಕೈಗೆ ತೆಗೆದುಕೊಂಡೆ. ಕಾಫಿ ಆರಿ ಹೋಗಿತ್ತು, ಸಕ್ಕರೆಯೂ ಇರಲಿಲ್ಲ. ಒಂದು ಹನಿ ಬಿಡದೆ ಕುಡಿದೆ.